ಹರಿವಿನಲ್ಲಿ ಹುಟ್ಟುವ ರಕ್ತ: ಆಕರಕೋಶ ಎಂಜಿನಿಯರಿಂಗ್ ಮತ್ತು ರಕ್ತರೋಗಗಳ ಅಧ್ಯಯನ

ಜೀಬ್ರಾಮೀನಿನ ಒಂದು ರೂಪಾಂತರಿ ತಳಿಯಲ್ಲಿ ಹೃದಯ ರೂಪುಗೊಳ್ಳುತ್ತದೆ, ಆದರೆ ಮಿಡಿಯುವುದಿಲ್ಲ. ಸಂಶೋಧಕರು ಅದನ್ನು ‘ಸೈಲೆಂಟ್ ಹಾರ್ಟ್’ ಎಂದು ಕರೆಯುತ್ತಾರೆ. ಮೀನಿನ ಭ್ರೂಣ ಬಹಳ ಚಿಕ್ಕದು. ಹಾಗಾಗಿ ಸುತ್ತಲಿನ ನೀರಿನಿಂದಲೇ ಆಮ್ಲಜನಕ ಹೀರಿಕೊಂಡು ರಕ್ತಸಂಚಾರವಿಲ್ಲದೆಯೂ ಕೆಲವು ದಿನ ಬದುಕುತ್ತದೆ. ಈ ಭ್ರೂಣಗಳ ಮಹಾಪಧಮನಿಯನ್ನು ಪರೀಕ್ಷಿಸಿದಾಗ, ಎಲ್ಲ ರಕ್ತಕಣಗಳ ಮೂಲವಾದ ರಕ್ತಜನಕ ಆಕರಕೋಶಗಳ ಹುಟ್ಟಿಗೆ ಅನಿವಾರ್ಯವಾದ ರನ್ಕ್ಸ್1 ವಂಶವಾಹಿಯ ಚಟುವಟಿಕೆ ಕುಗ್ಗಿರುವುದು ಕಂಡುಬಂತು. ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುವ ರಾಸಾಯನಿಕವನ್ನು ಕೊಟ್ಟಾಗ ಹೃದಯ ಮಿಡಿಯದೆಯೇ ಆ ಚಟುವಟಿಕೆ ಮರಳಿತು. 2009ರಲ್ಲಿ ಪ್ರಕಟವಾದ ಈ ಅಧ್ಯಯನದ ಜೊತೆಜೊತೆಗೇ ಬಾಸ್ಟನ್ನಿನ ಜಾರ್ಜ್ ಡೇಲಿ ಮತ್ತು ಗಿಲೆರ್ಮೊ ಗಾರ್ಸಿಯಾ-ಕಾರ್ಡೆನಾ ತಂಡ ಇಲಿಯ ಭ್ರೂಣ ಆಕರಕೋಶಗಳಿಂದ ಬೆಳೆಸಿದ ಕೋಶಗಳ ಮೇಲೆ ದ್ರವ ಹರಿಸಿ ನೋಡಿತು. ಹರಿವಿನ ಉಜ್ಜುವಿಕೆ ತಾಗಿದ ಕೋಶಗಳಲ್ಲಿ ರನ್ಕ್ಸ್1 ಹೆಚ್ಚಿತು; ರಕ್ತಕೋಶಗಳ ಗುಂಪುಗಳೂ ಹೆಚ್ಚು ಮೂಡಿದವು.

ರಕ್ತದ ಆಕರಕೋಶ ಹುಟ್ಟಲು ಹರಿವು ಬೇಕು ಎಂಬ ಈ ತಿಳಿವಳಿಕೆಯನ್ನು ನಮ್ಮ ಕಾಲದ ಜೀವವಿಜ್ಞಾನದ ಬಹಳ ದೊಡ್ಡ ಅರಿವುಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ. ಪ್ರಯೋಗಾಲಯದಲ್ಲಿ ರಕ್ತ ತಯಾರಿಸುವ ಯತ್ನಗಳು ಬಹುಕಾಲ ಅರ್ಧದಾರಿಯಲ್ಲೇ ನಿಂತದ್ದೇಕೆ ಎಂಬುದಕ್ಕೂ ಇದರಲ್ಲಿ ಉತ್ತರವಿದೆ. ಸರಿಯಾದ ವಂಶವಾಹಿಗಳು ನಮ್ಮ ಕೈಯಲ್ಲಿದ್ದವು. ಕೋಶಕ್ಕೆ ಬೇಕಾದ ಜಾಗ, ನೆರೆಹೊರೆ, ಚಲನೆ, ಕಾಲಕ್ರಮಗಳನ್ನು ಒದಗಿಸಲು ಮಾತ್ರ ನಮಗೆ ಗೊತ್ತಿರಲಿಲ್ಲ. ಅವನ್ನು ಕಟ್ಟಿಕೊಡುವುದೇ ಜೈವಿಕ ಎಂಜಿನಿಯರಿಂಗ್.

ರಕ್ತದ ಆಕರಕೋಶವೆಂಬುದೊಂದು ಇದೆ ಎಂಬುದಕ್ಕೆ ಮೊದಲ ಪ್ರಾಯೋಗಿಕ ಪುರಾವೆ ದೊರೆತದ್ದು ಟೊರಾಂಟೊದಲ್ಲಿ. ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ 1961ರಲ್ಲಿ, ವಿಕಿರಣಕ್ಕೆ ಒಳಗಾದ ಇಲಿಗಳಿಗೆ ಅಸ್ಥಿಮಜ್ಜೆಯ ಕೋಶಗಳನ್ನು ಚುಚ್ಚಿ, ಗುಲ್ಮದ ಮೇಲೆ ಎದ್ದ ಸಣ್ಣ ಗಂಟುಗಳನ್ನು ಎಣಿಸಿದರು. ಒಂದೊಂದು ಗಂಟೂ ಒಂದೇ ಕೋಶದ ಸಂತತಿ ಎಂಬುದು ಎರಡು ವರ್ಷಗಳ ಬಳಿಕ ಖಚಿತವಾಯಿತು. ವಯಸ್ಕರ ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ಹೊರಹಾಕುತ್ತದೆ. ಈ ಅಪಾರ ಉತ್ಪಾದನೆಯ ಬೇರಿನಲ್ಲಿರುವುದು ಹೆಚ್ಚಾಗಿ ವಿಶ್ರಾಂತಿಯಲ್ಲೇ ಇರುವ ವಿರಳ ಆಕರಕೋಶಗಳು.

ಆದರೆ ಈ ಕೋಶಗಳು ಹುಟ್ಟುವುದು ಮಜ್ಜೆಯಲ್ಲಲ್ಲ. ಮನುಷ್ಯ ಭ್ರೂಣದಲ್ಲಿ ಮೂರನೆಯ ವಾರದ ಹೊತ್ತಿಗೆ ಹಳದಿಚೀಲದ ಗೋಡೆಯಲ್ಲಿ ಮೊದಲ ರಕ್ತಕಣಗಳು ಮೂಡುತ್ತವೆ. ಅವು ಭ್ರೂಣದ ತುರ್ತು ಅಗತ್ಯಕ್ಕಾಗಿ ಬಂದವು, ಬಾಳುವ ವಂಶವನ್ನು ಹುಟ್ಟುಹಾಕುವುದಿಲ್ಲ. ಜೀವನಪರ್ಯಂತ ದುಡಿಯುವ ಆಕರಕೋಶಗಳು ಅನಂತರ ಮಹಾಪಧಮನಿಯ ಒಳಗೋಡೆಯಿಂದ ಬರುತ್ತವೆ. ರಕ್ತನಾಳದ ಒಳಪದರಕ್ಕೆ ಸೇರಿದ ಚಪ್ಪಟೆ ಕೋಶವೊಂದು ಬಾಗುತ್ತದೆ, ದುಂಡಾಗುತ್ತದೆ, ಅಕ್ಕಪಕ್ಕದ ಹಿಡಿತ ಬಿಡಿಸಿಕೊಂಡು ರಕ್ತಕೋಶವಾಗಿ ಹೊರಡುತ್ತದೆ. 2010ರಲ್ಲಿ ಜೀವಂತ ಜೀಬ್ರಾಮೀನಿನ ಪಾರದರ್ಶಕ ಭ್ರೂಣದಲ್ಲಿ ಈ ಘಟನೆಯನ್ನು ಸೂಕ್ಷ್ಮದರ್ಶಕದಡಿ ನೇರವಾಗಿ ಚಿತ್ರೀಕರಿಸಲಾಯಿತು. ಮನುಷ್ಯ ಭ್ರೂಣದಲ್ಲಿ ಹೀಗೆ ಹುಟ್ಟಿದ ಕೋಶಗಳು ಯಕೃತ್ತಿಗೆ ಹೋಗಿ ಬಲಿತು, ಜನನದ ಮುಂಚೆ ಮಜ್ಜೆಯನ್ನು ಸೇರುತ್ತವೆ.

ಒಂದೇ ದೇಹದಲ್ಲಿ ಎರಡು ಅಲೆಗಳು, ಎರಡು ಬಗೆಯ ರಕ್ತ. ಪ್ರಯೋಗಾಲಯದ ತೊಡಕು ಇಲ್ಲಿಯೇ ಇದೆ. 1998ರಲ್ಲಿ, ಯಾವ ಕೋಶವಾಗಿಯೂ ಬೆಳೆಯಬಲ್ಲ ಮಾನವ ಭ್ರೂಣ ಆಕರಕೋಶಗಳು ದೊರೆತವು. 2007ರಲ್ಲಿ ಶಿನ್ಯಾ ಯಮನಾಕಾ ಅವರ ತಂಡ ವಯಸ್ಕರ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಅಂಥ ಸ್ಥಿತಿಗೆ ತಂದಿತು. ಈ ಪ್ರೇರಿತ ಆಕರಕೋಶಗಳಿಂದ ರಕ್ತಕಣ ಪಡೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಆದರೆ ಬಂದದ್ದು ಬಹುಪಾಲು ಹಳದಿಚೀಲದ ಮಾದರಿಯ ರಕ್ತ. ಇಲಿಯ ಮಜ್ಜೆಗೆ ಕಸಿ ಮಾಡಿದರೆ ಬೇರೂರುತ್ತಿರಲಿಲ್ಲ. 2017ರಲ್ಲಿ ಡೇಲಿ ತಂಡ ಏಳು ನಿಯಂತ್ರಕ ವಂಶವಾಹಿಗಳನ್ನು ಹೊರಗಿನಿಂದ ಸೇರಿಸಿ ಬೇರೂರುವ ಕೋಶಗಳನ್ನು ಪಡೆಯಿತು. ಸಾಧನೆ ದೊಡ್ಡದೇ. ಆದರೂ ಹೊರಗಿನಿಂದ ತುರುಕಿದ ವಂಶವಾಹಿಗಳಿರುವ ಕೋಶದಲ್ಲಿ ಸಹಜ ಬೆಳವಣಿಗೆ ಯಾವುದು, ನಾವು ಹೇರಿದ್ದು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

2024ರಲ್ಲಿ ಮೆಲ್ಬರ್ನ್‌ನ ಮರ್ಡಾಕ್ ಮಕ್ಕಳ ಸಂಶೋಧನಾ ಸಂಸ್ಥೆಯ ಎಲಿಜಬೆತ್ ಎಂಗ್, ಆಂಡ್ರ್ಯೂ ಎಲಿಫಾಂಟಿ ಮತ್ತು ಎಡ್ ಸ್ಟಾನ್ಲಿ ಯಾವ ವಂಶವಾಹಿಯನ್ನೂ ತುರುಕದೆ ಬೇರೂರುವ ಕೋಶಗಳನ್ನು ಪಡೆದು ತೋರಿಸಿದರು. ಭ್ರೂಣದಲ್ಲಿ ಸಂಕೇತಗಳು ಬರುವ ಸರದಿಯನ್ನೇ ಅವರು ಅನುಸರಿಸಿದರು: ಬೆಳವಣಿಗೆಯ ಅಂಶಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟರು, ಹೊತ್ತಿಗೆ ಸರಿಯಾಗಿ ಹಿಂತೆಗೆದರು, ನಡುವೆ ಕೆಲವು ದಿನ ವಿಟಮಿನ್ ಎ ಕುಟುಂಬದ ಸಂಯುಕ್ತವೊಂದನ್ನು ಕೊಟ್ಟರು. ಹೀಗೆ ಪಡೆದು, ಶೀತಲೀಕರಿಸಿ ಇಟ್ಟಿದ್ದ ಕೋಶಗಳು ಕೂಡ ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ಶೇ. 25ರಿಂದ 50ರಷ್ಟರಲ್ಲಿ ಬೇರೂರಿ ಹಲವು ಬಗೆಯ ರಕ್ತಕಣಗಳನ್ನು ಕೊಟ್ಟವು. 2017ರ ದಾರಿಗಿಂತ ಈ ದಾರಿಯೇ ಮೇಲೆಂಬುದು ನನ್ನ ನಿಲುವು. ರೋಗದ ಅಧ್ಯಯನಕ್ಕಂತೂ ಇದೇ ಬೇಕು. ರೋಗಿಯ ಕೋಶ ತನ್ನ ಸಹಜ ಹಾದಿಯಲ್ಲಿ ನಡೆದಾಗಲೇ ಅದು ಎಲ್ಲಿ ಎಡವುತ್ತದೆಂದು ಕಾಣುತ್ತದೆ.

ಹರಿವಿನ ಮಾತಿಗೆ ಕ್ಯೋಟೊದಿಂದಲೂ ಒಂದು ಬೆಂಬಲವಿದೆ. ಕೋಜಿ ಎತೊ ಅವರ ತಂಡ ಪ್ರೇರಿತ ಆಕರಕೋಶಗಳಿಂದ ಪ್ಲೇಟ್‌ಲೆಟ್ ತಯಾರಿಸಲು ಹೊರಟಾಗ ಇಳುವರಿ ಬಹಳ ಕಡಿಮೆಯಿತ್ತು. ಇಲಿಯ ಮಜ್ಜೆಯೊಳಗೆ ಪ್ಲೇಟ್‌ಲೆಟ್ ಉದುರುವ ಜಾಗಗಳನ್ನು ನೋಡಿದಾಗ ಅಲ್ಲಿ ರಕ್ತ ನೇರವಾಗಿ ಹರಿಯದೆ ಸುಳಿಗಟ್ಟುವುದು ಕಂಡಿತು. ಅದೇ ಬಗೆಯ ಸುಳಿ ಎಬ್ಬಿಸುವ 8 ಲೀಟರ್ ಪಾತ್ರೆಯನ್ನು ರೂಪಿಸಿದಾಗ 10,000 ಕೋಟಿ ಪ್ಲೇಟ್‌ಲೆಟ್‌ಗಳು ದೊರೆತವು. ಈ ವರದಿ ಬಂದದ್ದು 2018ರಲ್ಲಿ. ಬಳಿಕ ರೋಗಿಯೊಬ್ಬರಿಗೆ ಅವರದೇ ಕೋಶಗಳಿಂದ ತಯಾರಾದ ಪ್ಲೇಟ್‌ಲೆಟ್‌ಗಳನ್ನು ಕೊಡಲಾಯಿತು. ತೊಂದರೆಯೇನೂ ಆಗಲಿಲ್ಲ, ಆದರೆ ಪ್ಲೇಟ್‌ಲೆಟ್ ಎಣಿಕೆಯೂ ನಿರೀಕ್ಷೆಯಂತೆ ಏರಲಿಲ್ಲ. ಚಿಕಿತ್ಸೆಯ ದಾರಿ ಇನ್ನೂ ದೂರವಿದೆ ಎಂಬುದನ್ನು ಮುಚ್ಚಿಡಬಾರದು.

ರೋಗಗಳನ್ನು ಅರಿಯುವ ಕೆಲಸದಲ್ಲಿ ಮಾತ್ರ ಫಲ ಈಗಾಗಲೇ ಕೈಸೇರುತ್ತಿದೆ. ಡೈಮಂಡ್–ಬ್ಲ್ಯಾಕ್‌ಫ್ಯಾನ್ ರಕ್ತಹೀನತೆಯಲ್ಲಿ ರೈಬೋಸೋಮಿನ ಪ್ರೋಟೀನೊಂದರ ದೋಷದಿಂದ ಶಿಶುವಿನ ಮಜ್ಜೆ ಕೆಂಪುಕಣಗಳನ್ನು ಮಾಡಲಾರದು. ಅಂಥ ಮಗುವಿನ ಮಜ್ಜೆಯಲ್ಲಿ ಬೇಕಾದ ಕೋಶಗಳೇ ವಿರಳ. ಆ ಹಸುಗೂಸಿನಿಂದ ಮತ್ತೆ ಮತ್ತೆ ಮಜ್ಜೆ ತೆಗೆದು ನೂರಾರು ಔಷಧಗಳನ್ನು ಪರೀಕ್ಷಿಸುವುದು ಅಸಾಧ್ಯ, ಅಮಾನವೀಯ ಕೂಡ. ಡೇಲಿ ಪ್ರಯೋಗಾಲಯದ ಸಂಶೋಧಕರು ರೋಗಿಗಳ ಪ್ರೇರಿತ ಆಕರಕೋಶಗಳಿಂದ ರಕ್ತದ ಪೂರ್ವಜ ಕೋಶಗಳನ್ನು ಬೇಕಾದಷ್ಟು ಬೆಳೆಸಿ, ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಶೋಧಿಸಿ, ಕೆಂಪುಕಣಗಳ ಬೆಳವಣಿಗೆಗೆ ನೆರವಾಗುವ ಒಂದನ್ನು 2017ರಲ್ಲಿ ಗುರುತಿಸಿದರು. ಯಾವ ಮಗುವಿನಿಂದಲೂ ಮತ್ತೆ ಮತ್ತೆ ಮಜ್ಜೆ ತೆಗೆಯದೆ ಇದು ನಡೆಯಿತೆಂಬುದೇ ಈ ವಿಧಾನಕ್ಕೆ ಸಾಕಷ್ಟು ಸಮರ್ಥನೆ.

ಕುಡುಗೋಲು ಕಣ ರಕ್ತಹೀನತೆಯ ಕಥೆ ಇಷ್ಟು ಸರಳವಲ್ಲ. ಬೀಟಾ ಗ್ಲೋಬಿನ್ ವಂಶವಾಹಿಯ ಒಂದೇ ಅಕ್ಷರ ಬದಲಾಗಿ ಬರುವ ರೋಗವಿದು. ಭ್ರೂಣ ಬಳಸುವುದು ಗಾಮಾ ಗ್ಲೋಬಿನ್ನನ್ನು. ಜನನದ ಬಳಿಕವೇ ಬೀಟಾ ಮೇಲುಗೈ ಪಡೆಯುತ್ತದೆ. ಆದ್ದರಿಂದಲೇ ರೋಗವಿರುವ ಶಿಶು ಮೊದಲ ತಿಂಗಳುಗಳಲ್ಲಿ ಆರೋಗ್ಯವಾಗಿರುತ್ತದೆ. ಪ್ರೇರಿತ ಆಕರಕೋಶಗಳಿಂದ ಬೆಳೆಸಿದ ಕೆಂಪುಕಣಗಳೂ ಹೆಚ್ಚಾಗಿ ಭ್ರೂಣದ ಗ್ಲೋಬಿನ್ನನ್ನೇ ಮಾಡುತ್ತವೆ. ರೋಗಿಯ ಕೋಶವನ್ನೇ ತಂದರೂ ಬಟ್ಟಲಿನಲ್ಲಿ ರೋಗ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ! ಮಾದರಿಯ ಈ ದೌರ್ಬಲ್ಯ ಒಂದು ಆಳವಾದ ಪ್ರಶ್ನೆಯನ್ನೂ ಮುಂದಿಡುತ್ತದೆ: ಕೋಶ ತನ್ನ ವಯಸ್ಸನ್ನು ಅರಿಯುವುದು ಹೇಗೆ? ಉತ್ತರದ ಒಂದು ಎಳೆ ಬಿಸಿಎಲ್11ಎ ಎಂಬ ವಂಶವಾಹಿ. ಅದು ಗಾಮಾ ಗ್ಲೋಬಿನ್ನನ್ನು ಅದುಮಿಡುತ್ತದೆಂದು ಸ್ಟುವರ್ಟ್ ಆರ್ಕಿನ್ ಅವರ ತಂಡ 2008ರಲ್ಲಿ ತೋರಿಸಿತು. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟ ಮೊದಲ ಕ್ರಿಸ್ಪರ್ (ವಂಶವಾಹಿ ತಿದ್ದುವ) ಚಿಕಿತ್ಸೆ ಕ್ಯಾಸ್ಜೆವಿ ಕೆಂಪುಕಣಗಳಲ್ಲಿ ಬಿಸಿಎಲ್11ಎಯ ಅಧಿಕಾರವನ್ನು ತಗ್ಗಿಸುತ್ತದೆ. ಒಪ್ಪಿಗೆ ದೊರೆತಾಗ ಅಮೆರಿಕದಲ್ಲಿ ಈ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್ ಆಗಿತ್ತು.

ಕೋಶ ಬಲಿಯಬೇಕಾದರೆ ಮಜ್ಜೆಯಂಥ ತಾಣ ಬೇಕು. ಬಾಸ್ಟನ್ನಿನ ವೀಸ್ ಸಂಸ್ಥೆಯಲ್ಲಿ ಡೊನಾಲ್ಡ್ ಇಂಗ್ಬರ್ ಅವರ ತಂಡ 2020ರಲ್ಲಿ ವರದಿ ಮಾಡಿದ, ಮಜ್ಜೆಯನ್ನು ಅನುಕರಿಸುವ ‘ಚಿಪ್’ನಲ್ಲಿ ಎರಡು ಕಿರು ಕಾಲುವೆಗಳಿವೆ. ಒಂದರಲ್ಲಿ ಮೆದು ಜೆಲ್ಲಿನೊಳಗೆ ರಕ್ತದ ಪೂರ್ವಜ ಕೋಶಗಳೂ ಮಜ್ಜೆಯ ಆಧಾರಕೋಶಗಳೂ ಇರುತ್ತವೆ. ಇನ್ನೊಂದರಲ್ಲಿ ರಕ್ತನಾಳದ ಒಳಪದರ, ಅದರ ಮೇಲೆ ಹರಿವ ಪೋಷಕದ್ರವ. ಷ್ವಾಕ್‌ಮನ್–ಡೈಮಂಡ್ ಎಂಬ ಆನುವಂಶಿಕ ಕಾಯಿಲೆಯವರ ಕೋಶಗಳನ್ನು ಅದರಲ್ಲಿ ಇಟ್ಟಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಲಿಯುವಲ್ಲಿನ ದೋಷ ಗೋಚರಿಸಿತು. 2023ರಲ್ಲಿ ಆಕ್ಸ್‌ಫರ್ಡ್‌ನ ತಂಡ ಪ್ರೇರಿತ ಆಕರಕೋಶಗಳಿಂದಲೇ ನಾಳಗಳುಳ್ಳ ಮಜ್ಜೆಯ ಕಿರು ಅಂಗವನ್ನು ಬೆಳೆಸಿತು. ಹೊರಗೆ ಬೇಗ ಸಾಯುವ ಮಯಲೋಮಾ ಕ್ಯಾನ್ಸರ್ ಕೋಶಗಳು ಅದರೊಳಗೆ ಉಳಿದವು.

ಈ ವಿಷಯದಲ್ಲಿ ಕರ್ನಾಟಕಕ್ಕೂ ಪಾಲಿದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಎರಡು ಮಾನವ ಭ್ರೂಣ ಆಕರಕೋಶ ತಳಿಗಳನ್ನು ಪಡೆದು 2009ರಲ್ಲಿ ವರದಿ ಮಾಡಿತು. ಅಸ್ರಿಜ್ ಎಂಬ ಪ್ರೋಟೀನು ರಕ್ತಜನಕ ಆಕರಕೋಶಗಳನ್ನು ವಿಶ್ರಾಂತಿಯಲ್ಲಿ ಇರಿಸುವ ಬಗೆಯನ್ನು ಹಣ್ಣುನೊಣದಿಂದ ಇಲಿಯವರೆಗೆ ಬೆನ್ನಟ್ಟಿದ್ದೂ ಅದೇ ತಂಡ. ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯ ಘಟಕವಾದ ವೆಲ್ಲೂರಿನ ಆಕರಕೋಶ ಸಂಶೋಧನಾ ಕೇಂದ್ರ, ತೀವ್ರ ಹಿಮೋಫಿಲಿಯಾ ಎ ಇದ್ದ ಐವರ ರಕ್ತಜನಕ ಆಕರಕೋಶಗಳಿಗೆ ವಂಶವಾಹಿ ಸೇರಿಸಿ ಮರಳಿಸಿದ ಚಿಕಿತ್ಸೆಯ ಫಲಿತಾಂಶವನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಕೌಶಲ ಇಲ್ಲಿದೆ, ರೋಗಿಗಳೂ ಇಲ್ಲಿದ್ದಾರೆ. ಭಾರತದಲ್ಲಿ ಥಲಸ್ಸೀಮಿಯಾ ಎಂಬ ರಕ್ತರೋಗಕ್ಕೆ ಅತಿ ಸಾಮಾನ್ಯ ಕಾರಣವಾದ ವಂಶವಾಹಿ ದೋಷ ಯುರೋಪಿನಲ್ಲಿ ಕಾಣುವ ಸಾಮಾನ್ಯ ದೋಷವಲ್ಲ. ಮಧ್ಯ ಭಾರತದಲ್ಲೂ ನೀಲಗಿರಿಯ ಬುಡಕಟ್ಟುಗಳಲ್ಲೂ ಇರುವ ಕುಡುಗೋಲು ವಂಶವಾಹಿಯ ಅರಬ್–ಭಾರತೀಯ ಮಾದರಿಯವರಲ್ಲಿ ಭ್ರೂಣದ ಹಿಮೊಗ್ಲೋಬಿನ್ ಹೆಚ್ಚು ಉಳಿದಿರುತ್ತದೆ; ಹಲವರಲ್ಲಿ ರೋಗವೂ ಸೌಮ್ಯ. ಗ್ಲೋಬಿನ್ ಬದಲಾವಣೆಯ ರಹಸ್ಯ ಬಿಡಿಸಲು ಇವರ ಕೋಶಗಳಿಗಿಂತ ಉತ್ತಮ ಆಕರ ಇನ್ನೊಂದಿಲ್ಲ. 2023ರ ಜುಲೈನಲ್ಲಿ ಆರಂಭವಾದ ಕುಡುಗೋಲು ಕಣ ರೋಗದ ವಿರುದ್ಧದ ರಾಷ್ಟ್ರೀಯ ಅಭಿಯಾನ ಬುಡಕಟ್ಟು ಪ್ರದೇಶಗಳ 7 ಕೋಟಿ ಜನರನ್ನು ತಪಾಸಣೆ ಮಾಡುವ ಗುರಿ ಇಟ್ಟುಕೊಂಡಿತು. ಕುಡುಗೋಲು ಕಣದ ಹೊರೆ ಹೊತ್ತ ಸೋಲಿಗರು, ಜೇನುಕುರುಬರು ಅದರ ವ್ಯಾಪ್ತಿಯಲ್ಲಿ ಎಣಿಕೆಯಾಗಿ ಮಾತ್ರ ಉಳಿಯಬಾರದು. ಅವರ ಭಾಷೆಯಲ್ಲಿ ವಿವರಿಸಿ, ಮನಃಪೂರ್ವಕ ಒಪ್ಪಿಗೆ ಪಡೆದು, ಅವರ ಕೋಶಗಳಿಂದ ಆಕರಕೋಶ ತಳಿಗಳನ್ನು ನಮ್ಮ ಸಾರ್ವಜನಿಕ ಸಂಸ್ಥೆಗಳು ಬೆಳೆಸಬೇಕು. ಅದರಿಂದ ಬರುವ ಔಷಧದಲ್ಲಿ ಅವರಿಗೆ ಮೊದಲ ಹಕ್ಕು ಇರಬೇಕು. ಈ ಮಾತನ್ನು ಒಪ್ಪಂದದ ಪತ್ರದಲ್ಲೇ ಬರೆದು ಕೆಲಸ ಶುರುಮಾಡಿ ಎಂದು ಬೆಂಗಳೂರಿನ ಸಂಶೋಧಕರನ್ನೂ ಸರ್ಕಾರವನ್ನೂ ಕೇಳಿಕೊಳ್ಳುತ್ತೇನೆ.