ತಾಮ್ರದ ಪೈಪ್ ಸೋರಿದ್ರೆ ಟಾರ್ಚ್ ಹಚ್ಚಲೇಬೇಕಾ? ಬೆಂಕಿ ಇಲ್ಲದೆ ಜೋಡಿಸುವ ದಾರಿಗಳು

ಹುಬ್ಬಳ್ಳಿ: ವಿದ್ಯಾನಗರದಲ್ಲಿ ನೀರಿನ ಪೈಪ್ ಅಂದ್ರೆ ಹಳೇ ಮನೆಯಾದ್ರೆ ಹೆಚ್ಚಾಗಿ ಜಿಐ, ಹೊಸದಾದ್ರೆ ಸಿಪಿವಿಸಿ. ಹಾಗಂತ ತಾಮ್ರ ಇಲ್ಲವೇ ಇಲ್ಲ ಅಂತಲ್ಲ. ಎಸಿಯ ಒಳಗಿನ ಮತ್ತು ಹೊರಗಿನ ಯೂನಿಟ್ ನಡುವೆ ಓಡೋದು ತಾಮ್ರ. ಸಿಲಿಂಡರ್ ಹೊರಗಿಟ್ಟ ಮನೆಗಳಲ್ಲಿ ಒಲೆಗೆ ಗ್ಯಾಸ್ ತರುವ ಸಣ್ಣ ಪೈಪ್ ಹಲವು ಕಡೆ ತಾಮ್ರದ್ದೇ. ಮಾಳಿಗೆ ಮೇಲಿನ ಫ್ಲಾಟ್ ಪ್ಲೇಟ್ ಸೋಲಾರ್ ಒಳಗೂ ಅದೇ. ಬಿಸಿನೀರಿಗೆ ತಾಮ್ರದ ಲೈನ್ ಎಳೆಸಿದವರೂ ಇದ್ದಾರೆ. ಇವುಗಳಲ್ಲಿ ಯಾವುದಾದ್ರೂ ಸೋರಿದ್ರೆ ಬರುವ ಮೊದಲ ಮಾತು: ‘ಟಾರ್ಚ್ ಹಚ್ಚಿ ಬೆಸುಗೆ ಹಾಕಬೇಕ್ರಿ’.

ಬೆಸುಗೆ ಕೆಟ್ಟದ್ದಲ್ಲ. ಕೈ ಪಳಗಿದವರು ಹಾಕಿದ್ರೆ ವರ್ಷಗಟ್ಟಲೆ ಬಾಳುತ್ತೆ. ಆದ್ರೆ ಟಾರ್ಚ್ ಉರಿಯ ಬಿಸಿ ಸಾವಿರ ಡಿಗ್ರಿ ದಾಟುತ್ತೆ. ಪೈಪ್ ಇರೋದು ನೋಡಿದ್ರೆ ಪ್ಲೈವುಡ್ ಕಪಾಟಿನ ಹಿಂದೆ, ಇಲ್ಲಾ ಬಟ್ಟೆ ಅಂಗಡಿಯ ಸ್ಟಾಕ್ ಪಕ್ಕ. ಈಗಿನ ಹಲವು ಎಸಿಗಳಲ್ಲಿ ತುಂಬುವ ಆರ್-32 ಗ್ಯಾಸ್ ಕೂಡ ಸ್ವಲ್ಪ ಮಟ್ಟಿಗೆ ಉರಿಯುವಂಥದ್ದು, ಅದನ್ನ ಪೂರ್ತಿ ತೆಗೆಯದೆ ಉರಿ ಹತ್ತಿರ ಒಯ್ಯುವಂತಿಲ್ಲ. ನೀರಿನ ಲೈನ್‌ನಲ್ಲಿ ಬೇರೆಯದೇ ಕಾಟ. ಹಳೇ ಗೇಟ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲ್ಲ, ಹನಿ ಹನಿ ಬರ್ತಾನೇ ಇರುತ್ತೆ. ಜೋಡಿಸೋ ಜಾಗದಲ್ಲಿ ಒಂದಿಷ್ಟು ನೀರು ನಿಂತಿದ್ರೂ ಅದು ಶಾಖ ಎಳೆದುಕೊಳ್ಳುತ್ತೆ, ಬೆಸುಗೆ ಕರಗಿ ಒಳಗಿಳಿಯಲ್ಲ.

ಉರಿ ಇಲ್ಲದ ದಾರಿಗಳಲ್ಲಿ ಮನೆ ಕೆಲಸಕ್ಕೆ ಹೆಚ್ಚು ಒಗ್ಗೋದು ಕಂಪ್ರೆಶನ್ ಫಿಟಿಂಗ್. ಹಿತ್ತಾಳೆಯ ಬಾಡಿ, ನಟ್, ನಡುವೆ ಒಂದು ರಿಂಗ್, ಇಷ್ಟೇ. ನಟ್ ಬಿಗಿ ಮಾಡಿದ ಹಾಗೆ ರಿಂಗ್ ಪೈಪನ್ನ ಅಮುಕಿ ಹಿಡಿಯುತ್ತೆ. ಪೈಪನ್ನ ಕಟರ್‌ನಿಂದ ನೇರವಾಗಿ ಕತ್ತರಿಸಿ, ತುದಿಯ ಚೂಪು ಅಂಚು ಉಜ್ಜಿ ತೆಗೆದು, ಮೊದಲು ನಟ್, ಆಮೇಲೆ ರಿಂಗ್ ಹಾಕಬೇಕು. 15 ಮಿ.ಮೀ. ಪೈಪ್ ಆದ್ರೆ ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಿಂದ ಮುಕ್ಕಾಲರಿಂದ ಒಂದು ಸುತ್ತು ಸಾಕು. ಬಾಡಿಗೆ ಇನ್ನೊಂದು ಪಾನಾ ಹಿಡಿದಿರಬೇಕು, ಇಲ್ಲದಿದ್ರೆ ಪೈಪೇ ತಿರುಚುತ್ತೆ. ಶಕ್ತಿ ತೋರಿಸಿ ಇನ್ನೂ ಬಿಗಿ ಮಾಡಿದ್ರೆ ಪೈಪ್ ಒಳಕ್ಕೆ ಕುಗ್ಗಿ ಅಲ್ಲೇ ಸೋರಲು ಶುರು. ನಟ್‌ನ ಮರೆಗೆ ಟೆಫ್ಲಾನ್ ಟೇಪ್ ಸುತ್ತುವ ರೂಢಿ ಇದೆ, ಅದರಿಂದ ಉಪಯೋಗ ಇಲ್ಲ. ನೀರು ತಡೆಯೋದು ರಿಂಗ್, ಮರೆ ಅಲ್ಲ.

ಬೇಕಾದಾಗ ಬಿಚ್ಚಬಹುದು ಅನ್ನೋದು ಇದರ ಲಾಭ. ಬಿವಿಬಿ ಕಾಲೇಜ್ ಸುತ್ತಲಿನ ಪಿಜಿ, ಬಾಡಿಗೆ ಮನೆಗಳಿಗೆ ಇದು ಅನುಕೂಲ. ಆದ್ರೆ ಗೋಡೆ ಒಳಗೆ ಹೂಳಿ ಪ್ಲಾಸ್ಟರ್ ಮಾಡಬಾರದು, ಕೈಗೆ ಸಿಗುವ ಜಾಗದಲ್ಲೇ ಇರಬೇಕು.

ಎಸಿಯವರು ಬಳಸೋದು ಫ್ಲೇರ್. ಪೈಪ್ ತುದಿಯನ್ನ ಉಪಕರಣದಿಂದ 45 ಡಿಗ್ರಿ ಅರಳಿಸಿ ನಟ್‌ನಿಂದ ಬಿಗಿಯೋದು. ಎಸಿ ಬಿಚ್ಚಿ ಬೇರೆ ಕಡೆ ಹಾಕುವಾಗ ಹಳೇ ಅರಳನ್ನೇ ಮತ್ತೆ ಬಳಸೋದಕ್ಕಿಂತ ತುದಿ ಕತ್ತರಿಸಿ ಹೊಸದು ಮಾಡಿಸೋದು ಒಳ್ಳೇದು.

ಪುಶ್-ಫಿಟ್ ಇನ್ನೂ ಸುಲಭ. ಒಳಗೆ ಉಕ್ಕಿನ ಹಲ್ಲುಗಳು ಪೈಪನ್ನ ಹಿಡಿಯುತ್ತವೆ, ರಬ್ಬರ್ ರಿಂಗ್ ನೀರು ತಡೆಯುತ್ತೆ. ಪೈಪ್ ತೇವ ಇದ್ರೂ ನಡೆಯುತ್ತೆ. ತುದಿ ನುಣುಪಾಗಿರದಿದ್ರೆ ಮಾತ್ರ ಒಳಗೆ ಹೋಗುವಾಗಲೇ ರಬ್ಬರ್ ಕೊಯ್ದು ಹೋಗುತ್ತೆ. ನಾಲ್ಕನೆಯದು ಪ್ರೆಸ್ ಫಿಟಿಂಗ್. ಯಂತ್ರದಿಂದ ಅಮುಕುವ ಕೆಲಸ, ಯಂತ್ರ ದುಬಾರಿ. ಒಂದೆರಡು ಜಾಯಿಂಟ್‌ಗೆ ಗಿಟ್ಟಲ್ಲ, ದೊಡ್ಡ ಕಟ್ಟಡಕ್ಕೆ ಸರಿ.

ಎಂ-ಸೀಲ್ ಮೆತ್ತುವುದನ್ನ ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಪ್ಲಂಬರ್ ಬರುವ ತನಕದ ತೇಪೆ.

ಅಂಗಡಿಯಲ್ಲಿ ಹೆಚ್ಚು ಎಡವಟ್ಟಾಗೋದು ಅಳತೆಯಲ್ಲಿ. ಎಸಿ ಪೈಪ್‌ನ ಅರ್ಧ ಇಂಚು ಅಂದ್ರೆ ಹೊರ ಅಳತೆ 12.7 ಮಿ.ಮೀ. ನೀರಿನ ತಾಮ್ರದ ಪೈಪ್‌ಗೂ ‘ಅರ್ಧ ಇಂಚು’ ಅಂತಾರೆ, ಆದ್ರೆ ಅದರ ಹೊರ ಅಳತೆ 15 ಮಿ.ಮೀ. ಆಸುಪಾಸು. ಒಂದರ ಫಿಟಿಂಗ್ ಇನ್ನೊಂದಕ್ಕೆ ಕೂರಲ್ಲ. ಕತ್ತರಿಸಿದ ತುಂಡೊಂದನ್ನ ಜೊತೆಗೆ ಒಯ್ಯಿರಿ, ಅಂಗಡಿಯವರೂ ತುಂಡು ನೋಡಿಯೇ ಮಾಲು ಕೊಡಲಿ.

ತಾಮ್ರದಿಂದ ಸಿಪಿವಿಸಿಗೆ ಹೋಗಬೇಕಾದ್ರೆ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಉಪಯೋಗ ಇಲ್ಲ, ಅದು ತಾಮ್ರಕ್ಕೆ ಹಿಡಿಯಲ್ಲ. ಹಿತ್ತಾಳೆ ಮರೆ ಇರುವ ಎಫ್‌ಟಿಎ ಅಥವಾ ಎಂಟಿಎ ಹಾಕಬೇಕು. ಈ ಮರೆಗೆ ಟೆಫ್ಲಾನ್ ಬೇಕೇ ಬೇಕು. ಜಿಐಗೆ ತಾಮ್ರ ನೇರವಾಗಿ ತಾಗಿಸಿದ್ರೆ ಜಿಐ ಬೇಗ ತುಕ್ಕು ಹಿಡಿಯುತ್ತೆ, ನಡುವೆ ಹಿತ್ತಾಳೆ ಫಿಟಿಂಗ್ ಇರಲಿ.

ಒತ್ತಡದ ಭಯ ಕೆಲವರಿಗೆ. ಮಾಳಿಗೆ ಟ್ಯಾಂಕಿನಿಂದ ಬರುವ ನೀರಿಗೆ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಒಂದಂತಸ್ತಿನ ಮನೆಯಲ್ಲಿ ಅದರ ಅರ್ಧವೂ ಇರಲ್ಲ, ಸರಿಯಾಗಿ ಕೂರಿಸಿದ ಯಾವ ಜಾಯಿಂಟೂ ಇದಕ್ಕೆ ಬಿಚ್ಚಲ್ಲ. ಪ್ರೆಶರ್ ಪಂಪ್ ಇದ್ದಲ್ಲಿ, ಇಲ್ಲವೇ 24 ತಾಸು ನೀರಿನ ಲೈನ್‌ಗೆ ನೇರ ಜೋಡಿಸಿದಲ್ಲಿ ಫಿಟಿಂಗ್ ಮೇಲಿನ ಬಾರ್ ಅಂಕಿ ನೋಡಿ ತಗೊಳ್ಳಿ.

ಗ್ಯಾಸ್ ಪೈಪ್ ವಿಷಯ ಬೇರೆ. ನೀರಿಗೆಂದು ಮಾಡಿದ ಪುಶ್-ಫಿಟ್ ಅಲ್ಲಿ ಹಾಕಲೇಬಾರದು, ಅದರ ರಬ್ಬರ್ ಗ್ಯಾಸ್‌ಗೆ ಅಲ್ಲ. ಸಿಲಿಂಡರ್ ಲೈನ್ ಆದ್ರೆ ಏಜೆನ್ಸಿಯ ಮೆಕ್ಯಾನಿಕ್, ಪೈಪ್ ಗ್ಯಾಸ್ ಆದ್ರೆ ಕಂಪನಿಯ ಸಿಬ್ಬಂದಿಯನ್ನೇ ಕರೆಸಿ. ಸೋರಿಕೆ ನೋಡೋಕೆ ಸಾಬೂನು ನೊರೆ ಹಚ್ಚಿ, ಕಡ್ಡಿ ಗೀರಬೇಡಿ.

ನೀರಿನ ಜಾಯಿಂಟ್ ಆದ್ರೆ ವಾಲ್ವ್ ತೆರೆದು, ಒಣ ಪೇಪರ್ ಸುತ್ತಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ತೇವ ಆಗಿದ್ರೆ ಕಂಪ್ರೆಶನ್ ನಟ್ ಸ್ವಲ್ಪವೇ ಬಿಗಿ ಮಾಡಿ ಮತ್ತೆ ನೋಡಿ. ಕಪಾಟಿನ ಹಲಗೆ ವಾಪಸ್ ಕೂರಿಸೋದು, ಪ್ಲಂಬರ್‌ಗೆ ಬಾಕಿ ದುಡ್ಡು ಕೊಡೋದು ಅದಾದ ಮೇಲೆ.