ಬಾಯೊಳಗಿನ ಕಬ್ಬಿಣ

ಪತ್ರಿಕೆಗೆ ತಲೆಬರಹ ಬರೆಯುವವರ ಕೈಗೆ ಸದಾ ಎಟಕುವಂತೆ ಮೂರು ಪದಗಳಿವೆ: ಅಂಕುಶ, ಮೂಗುದಾರ, ಕಡಿವಾಣ. ಮರಳು ದಂಧೆಗೆ ಅಂಕುಶ, ಶಾಲಾ ಶುಲ್ಕಕ್ಕೆ ಮೂಗುದಾರ, ಬೆಲೆಯೇರಿಕೆಗೆ ಕಡಿವಾಣ. ಇವುಗಳನ್ನು ಅದಲುಬದಲು ಮಾಡಿದರೂ ಓದುಗರು ಹುಬ್ಬೇರಿಸುವುದಿಲ್ಲ. ಮೂರಕ್ಕೂ ‘ತಡೆ’ ಎಂಬ ಒಂದೇ ಅರ್ಥ ಗಟ್ಟಿಯಾಗಿಬಿಟ್ಟಿದೆ. ಆದರೆ ಒಂದು ಆನೆಯದು, ಒಂದು ಎತ್ತಿನದು, ಒಂದು ಕುದುರೆಯದು. ಅಂಕುಶಕ್ಕೆ ಮೊನೆಯುಂಟು, ಕೊಕ್ಕೆಯುಂಟು. ಎತ್ತಿನ ಎರಡು ಹೊಳ್ಳೆಗಳ ನಡುವಿನ ತೆಳುಗೋಡೆಗೆ ತೂತು ಹೊಡೆದು ಹಗ್ಗ ಪೋಣಿಸಿದರೆ ಮೂಗುದಾರ. ಕಡಿವಾಣ ಚುಚ್ಚುವುದಿಲ್ಲ, ತೂತು ಮಾಡುವುದಿಲ್ಲ. ಅದು ಬಾಯೊಳಗೆ ಇಡುವ ವಸ್ತು, ಕೆಲಸ ಮುಗಿದ ಮೇಲೆ ತೆಗೆಯುವ ವಸ್ತು. ಈ ಮೂರರಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಅದೇ. ಹೆಚ್ಚು ಅನ್ಯಾಯಕ್ಕೊಳಗಾದದ್ದೂ ಅದೇ.

ಪದದೊಳಗೆ ‘ಕಡಿ’ ಇದೆ. ತಮಿಳಿನ ಕಡಿವಾಳಂ, ಮಲಯಾಳದ ಕಡಿಞ್ಞಾಣ್ ಎಲ್ಲವೂ ಹಲ್ಲಿನಿಂದ ಕಡಿಯುವ ಕ್ರಿಯೆಯ ಮಕ್ಕಳೇ. ಹೆಸರಿಟ್ಟವರು ಕುದುರೆ ಕಬ್ಬಿಣವನ್ನು ಕಚ್ಚಿಕೊಂಡಿರುವುದನ್ನು ಕಂಡಿರಬೇಕು. ಆದರೆ ಸರಿಯಾಗಿ ಕೂತ ಕಡಿವಾಣವನ್ನು ಕುದುರೆ ಸುಲಭವಾಗಿ ಕಚ್ಚಲಾರದು. ಅದರ ಬಾಯಲ್ಲಿ ಮುಂದೆ ಬಾಚಿಹಲ್ಲು, ಹಿಂದೆ ದವಡೆಹಲ್ಲು. ನಡುವೆ ಕೆಲವು ಬೆರಳಗಲ ಹಲ್ಲೇ ಇಲ್ಲದ ಬರಿ ವಸಡು. ಗಂಡು ಕುದುರೆಗೆ ಅಲ್ಲಿ ಪುಟ್ಟ ಕೋರೆಹಲ್ಲು ಮೂಡುವುದುಂಟು, ಆದರೂ ಅದರ ಹಿಂದೆ ಜಾಗ ಉಳಿಯುತ್ತದೆ. ಕಬ್ಬಿಣ ಕೂರುವುದು ಈ ಖಾಲಿ ಜಾಗದಲ್ಲಿ, ನಾಲಿಗೆಯ ಮೇಲೆ ಅಡ್ಡಲಾಗಿ. ಪಳಗಿದ ಸಾಯಿಸ ಬಾಯಿ ತೆರೆಸಲು ಬಲವಂತ ಮಾಡುವುದಿಲ್ಲ. ತುಟಿಯ ಮೂಲೆಯಿಂದ ಹೆಬ್ಬೆರಳನ್ನು ಆ ಖಾಲಿ ಜಾಗಕ್ಕೆ ತೂರಿಸುತ್ತಾನೆ, ಬಾಯಿ ತಾನೇ ತೆರೆಯುತ್ತದೆ. ಚಳಿಗಾಲದ ಬೆಳಗ್ಗೆ ಕಬ್ಬಿಣವನ್ನು ಮೊದಲು ಅಂಗೈಯಲ್ಲಿ ಬೆಚ್ಚಗಾಗಿಸಿಕೊಳ್ಳುವವರೂ ಇದ್ದಾರೆ. ಕೂತ ಮೇಲೆ ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಕಂಡರೆ ಅಳತೆ ಸರಿಯಿದೆಯೆಂದು ಲೆಕ್ಕ. ತೀರ ಕೆಳಗಿಳಿದರೆ ಹಲ್ಲಿಗೆ ಬಡಿಯುತ್ತದೆ, ತೀರ ಮೇಲೇರಿದರೆ ತುಟಿ ಸವೆಯುತ್ತದೆ.

ಹಾಗಾಗಿ ‘ನಾಲಿಗೆಗೆ ಕಡಿವಾಣ’ ಎನ್ನುವಾಗ ನಾವು ರೂಪಕವನ್ನೇ ಆಡುತ್ತಿಲ್ಲ. ಕುದುರೆಯ ಮಟ್ಟಿಗೆ ಅದು ನಿಜವಾಗಿ ನಾಲಿಗೆಯ ಮೇಲಿನ ಭಾರ.

ಆ ಭಾರ ಕೆಲಸ ಮಾಡುವ ಬಗೆ ಎರಡು. ಸ್ನ್ಯಾಫಲ್ ಎಂಬ ಸರಳ ಕಡಿವಾಣದಲ್ಲಿ ಸಾಮಾನ್ಯವಾಗಿ ನಡುವೆ ಕೀಲಿರುವ ಎರಡು ತುಂಡು ಕಬ್ಬಿಣ, ಎರಡು ಬದಿಗೆ ಎರಡು ಬಳೆ. ಲಗಾಮು ಬಳೆಗೆ ಸೇರುತ್ತದೆ. ಕೈ ಎಷ್ಟು ಎಳೆದರೆ ಬಾಯಿಗೆ ಅಷ್ಟೇ ತಿಳಿಯುತ್ತದೆ. ಬಲದ ಲಗಾಮನ್ನು ಒಂದಿಷ್ಟು ಬಿಗಿ ಮಾಡಿದರೆ ಕುದುರೆ ಬಲಕ್ಕೆ ಮೂಗು ತಿರುಗಿಸುತ್ತದೆ. ಇನ್ನೊಂದು ಕರ್ಬ್: ಬಾಯಿಯ ಹೊರಗೆ ಎರಡೂ ಬದಿಗೆ ಕೆಳಕ್ಕಿಳಿದ ಉದ್ದ ತೋಳುಗಳು, ಗದ್ದದ ಕೆಳಗೊಂದು ಸರಪಳಿ. ಇದು ಸನ್ನೆಕೋಲು. ಕಿರುಬೆರಳಿನ ಎಳೆತ ದವಡೆಯನ್ನು ತಲುಪುವ ಹೊತ್ತಿಗೆ ಹಲವು ಪಟ್ಟು ಆಗಿರುತ್ತದೆ. ದಂಡಿನ ಕುದುರೆಗೆ ಇಂಥದ್ದು ಒಗ್ಗಿದ್ದಕ್ಕೆ ಕಾರಣವಿದೆ. ಬಲಗೈಯಲ್ಲಿ ಭರ್ಜಿ ಹಿಡಿದವನಿಗೆ ಲಗಾಮಿಗೆ ಉಳಿಯುವುದು ಎಡಗೈಯೊಂದೇ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ ಪಡೆಗಳು ಭರ್ಜಿಯ ಸವಾರರವೇ. ಮುಂದೆ ಫಿರಂಗಿ, ಮೆಷಿನ್‌ಗನ್ನು. ಕೆಳಗೆ ನಾಗಾಲೋಟದಲ್ಲಿರುವ ಕುದುರೆ. ಎಡಗೈಯ ನಾಲ್ಕು ಬೆರಳು ಮತ್ತು ಒಂದು ಕಬ್ಬಿಣದ ನಡುವೆ ಅಂದು ಎಷ್ಟು ಮಾತು ನಡೆದಿರಬೇಕು!

ಲಗಾಮು ಹೊರಗಿನಿಂದ ಬಂದ ಪದ, ಪಾರಸಿಯದು. ಅಲ್ಲಿ ಅದು ಬಾಯಿಯ ಕಬ್ಬಿಣವನ್ನೂ ಒಳಗೊಂಡ ಸಜ್ಜಿನ ಹೆಸರು. ನಮ್ಮಲ್ಲಿ ಬಾಯಿಗೆ ಕಡಿವಾಣ ಮೊದಲೇ ಇತ್ತಾದ್ದರಿಂದ ಲಗಾಮು ಬಹುಪಾಲು ಕೈಯ ಕಡೆಗೆ ಸರಿದು ಚರ್ಮದ ಪಟ್ಟಿಯಲ್ಲಿ ನೆಲೆಸಿತು. ಆ ಪಟ್ಟಿಗೂ ಹಳೆಯ ಹೆಸರಿತ್ತು, ವಾಘೆ. ಸಂಸ್ಕೃತದ ವಲ್ಗಾ ಪ್ರಾಕೃತದ ದಾರಿಯಲ್ಲಿ ನುಣುಪಾಗಿ ಬಂದ ರೂಪವದು. ಕುಮಾರವ್ಯಾಸನ ಯುದ್ಧಪರ್ವಗಳನ್ನು ಗಮಕಿಗಳ ಬಾಯಲ್ಲಿ ಕೇಳುವವರಿಗೆ ಅದು ಇಂದಿಗೂ ಪರಿಚಿತ, ಉಳಿದವರಿಗೆ ಅಲ್ಲ. ವಾಘೆ ಹೋಯಿತೆಂದು ನನಗೆ ಬೇಸರವಿದೆ, ಲಗಾಮು ಬಂದದ್ದಕ್ಕೆ ದೂರಿಲ್ಲ. ‘ಲಂಗುಲಗಾಮಿಲ್ಲದೆ’ ಎಂದು ಅದನ್ನು ಜೋಡಿಸಿಕೊಂಡ ನಾಲಿಗೆ ಅದನ್ನು ಪೂರ್ತಿ ತನ್ನದಾಗಿಸಿಕೊಂಡಿದೆ. ಎರಡು ಪದ ಉಳಿದದ್ದರಿಂದ ಒಂದು ಸೂಕ್ಷ್ಮವೂ ದಕ್ಕಿತು. ಆಡಳಿತದ ಲಗಾಮು ‘ಹಿಡಿಯುತ್ತಾರೆ’, ಕಡಿವಾಣ ‘ಹಾಕುತ್ತಾರೆ’. ಹಿಡಿದವರ ಹಿರಿಮೆ ಲಗಾಮಿನ ಪಾಲಿಗೆ, ಹಾಕಿಸಿಕೊಂಡವರ ಪಾಡು ಕಡಿವಾಣದ ಪಾಲಿಗೆ. ಒಂದೇ ಪಟ್ಟಿಯ ಎರಡು ತುದಿಗಳನ್ನು ಕನ್ನಡ ಹೀಗೆ ಬೇರೆ ಮಾಡಿ ಇಟ್ಟಿದೆ.

ಬೆನ್ನ ಮೇಲಿನ ಸಜ್ಜಿನಲ್ಲೂ ಇದೇ ಹೊಸ ನೀರು ಹಳೆ ನೀರು. ಹಲ್ಲಣ ಹೋಗಿ ಜೀನು ಬಂತು, ಕಾಲಿಡುವ ಅಂಕವಣೆ ಹೋಗಿ ರಿಕಾಬು ಬಂತು. ಹಲ್ಲಣವನ್ನು ಅಲ್ಲಮನ ಒಂದು ವಚನ ಬದುಕಿಸಿದೆ. ಅಂಕವಣೆಗೆ ಅಂಥ ಭಾಗ್ಯ ಸಿಗಲಿಲ್ಲ, ನಿಘಂಟಿನಲ್ಲಿ ಮಲಗಿದೆ.

ಕಡಿವಾಣಕ್ಕೆ ಅನ್ಯಾಯವಾಗಿದೆಯೆಂದು ಮೊದಲಿಗೆ ಅಂದೆ. ಏನೆಂದರೆ, ಕಡಿವಾಣವನ್ನು ಬರೀ ತಡೆಯೆಂದು ತಿಳಿದಲ್ಲಿ ಅದು ತಡೆಯಾಗಿಯೇ ತಯಾರಾಗುತ್ತದೆ. ಬಾಯಿಗೆ ತಾಗುವ ಕಡೆ ಮುಳ್ಳುಗಳಿರುವ ಕಡಿವಾಣಗಳು ನಮ್ಮ ದೇಶದಲ್ಲಿ ಬಳಕೆಯಲ್ಲಿವೆ. ಗಾಡಿ ಎಳೆಯುವ, ಮದುವೆ ಮೆರವಣಿಗೆಯಲ್ಲಿ ನಡೆಯುವ ಕುದುರೆಗಳ ಬಾಯಿಂದ ಪ್ರಾಣಿದಯಾ ಕಾರ್ಯಕರ್ತರು ಅವನ್ನು ಈಗಲೂ ತೆಗೆಸುತ್ತಿದ್ದಾರೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು 1965ರಲ್ಲಿ ಬಂದ ಕೇಂದ್ರದ ನಿಯಮಗಳು ಮುಳ್ಳಿನ ಕಡಿವಾಣವನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಇಷ್ಟು ವರ್ಷಗಳಾದರೂ ಅದು ಉಳಿದಿರುವುದು ನಾಚಿಕೆಯ ಸಂಗತಿ. ಅದರಿಂದ ಸವಾರಿಗೂ ಲಾಭವಿಲ್ಲ. ಗಾಯವಾದ ನಾಲಿಗೆ ಸೂಚನೆಯನ್ನು ಓದುವುದಿಲ್ಲ, ನೋವನ್ನಷ್ಟೇ ಓದುತ್ತದೆ. ನೊಂದ ಕುದುರೆ ತಲೆ ಎತ್ತಿ ಎಸೆಯುತ್ತದೆ, ಹಿಂದೆ ಹಿಂದೆ ಸರಿಯುತ್ತದೆ, ಕೆಲವೊಮ್ಮೆ ನೋವಿನಿಂದಲೇ ಓಡುತ್ತದೆ. ನಿಲ್ಲಿಸಲೆಂದು ಹಾಕಿದ್ದು ಓಡಿಸುತ್ತದೆ. ಎಳೆದೂ ಎಳೆದೂ ಒರಟಾದ ಬಾಯಿಗೆ ‘ಗಟ್ಟಿ ಬಾಯಿ’ ಎಂಬ ಬೈಗುಳ ಬೇರೆ. ಆ ಗಟ್ಟಿತನ ಕೈಯ ಸೃಷ್ಟಿ, ಬಾಯಿಯ ತಪ್ಪಲ್ಲ.

ಕಠೋಪನಿಷತ್ತಿನ ರಥದಲ್ಲಿ ಇಂದ್ರಿಯಗಳು ಕುದುರೆಗಳು, ಬುದ್ಧಿ ಸಾರಥಿ. ಮನಸ್ಸನ್ನು ಅಲ್ಲಿ ಕುದುರೆಯೆಂದು ಹೇಳಿಲ್ಲ, ಲಗಾಮು ಎಂದಿದೆ. ‘ಮನಸ್ಸಿಗೆ ಕಡಿವಾಣ ಹಾಕು’ ಎಂದು ನಾವು ಮಕ್ಕಳಿಗೆ ಹೇಳುವ ಬುದ್ಧಿಮಾತಿಗಿಂತ ಇದು ಸವಾರಿಯನ್ನು ಬಲ್ಲ ಮಾತು. ಲಗಾಮು ಎರಡೂ ಕಡೆಯ ಸುದ್ದಿಯನ್ನು ಒಯ್ಯುತ್ತದೆ. ಕುದುರೆ ಬೆದರುವ ಮೊದಲು ಕಿವಿ ನಿಮಿರುತ್ತದೆ, ಕುತ್ತಿಗೆ ಬಿಗಿಯುತ್ತದೆ, ಆ ಬಿಗಿತ ಕಬ್ಬಿಣದಿಂದ ಚರ್ಮಕ್ಕೆ, ಚರ್ಮದಿಂದ ಉಂಗುರ ಬೆರಳಿಗೆ ಬರುತ್ತದೆ. ನೆಮ್ಮದಿಯಲ್ಲಿದ್ದರೆ ಅದು ಕಬ್ಬಿಣವನ್ನು ನಾಲಿಗೆಯಲ್ಲಿ ಹೊರಳಿಸುತ್ತ ಜೊಲ್ಲು ತಂದುಕೊಳ್ಳುತ್ತದೆ. ಕೆಲವು ಕಡಿವಾಣಗಳಿಗೆ ತಾಮ್ರ ಬೆರೆಸುವುದೂ ಹೀಗೆ ಬಾಯಿ ಒದ್ದೆಯಾಗಿರಲಿ ಎಂದು. ಒಣಗಿದ ಬಾಯಿಯೆಂದರೆ ಹೆದರಿದ ಬಾಯಿ.

ಆದ್ದರಿಂದಲೇ ಒಳ್ಳೆಯ ಸವಾರಿ ಶಾಲೆಯಲ್ಲಿ ಹೊಸಬರ ಕೈಗೆ ಮೊದಲ ದಿನವೇ ಲಗಾಮು ಕೊಡುವ ಅವಸರವಿರುವುದಿಲ್ಲ. ಗುರು ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹೊಡೆಸುತ್ತಾರೆ. ಶಿಷ್ಯರು ಕೈ ಚಾಚಿ, ಬೆನ್ನು ಮತ್ತು ತೊಡೆಯ ಮೇಲೆ ಸಮತೋಲ ಕಲಿಯುತ್ತಾರೆ. ವಿಯೆನ್ನಾದ ಹೆಸರಾಂತ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಈ ಪಾಠ ತಿಂಗಳುಗಟ್ಟಲೆ, ರಿಕಾಬೂ ಇಲ್ಲದೆ ನಡೆಯುತ್ತದೆ. ಬೀಳುವ ಭಯದಲ್ಲಿ ಹೊಸಬರು ಹಿಡಿದು ಜೋತುಬೀಳುವುದು ಲಗಾಮಿಗೇ, ಆ ಜೋತಾಟವೆಲ್ಲ ಹೋಗಿ ತಾಗುವುದು ನಾಲಿಗೆಗೆ. ಕೂರಲು ಬಂದ ಮೇಲಷ್ಟೇ ಕೈಗೆ ಲಗಾಮು. ಆಗಲೂ ನಿಲ್ಲಿಸುವುದಕ್ಕೆ ಮೊದಲು ಬೆನ್ನು ನೇರ ಮಾಡಿ ಭಾರ ಕೂರಿಸಬೇಕು, ಆಮೇಲೆ ಬೆರಳು ಮುಚ್ಚಬೇಕು, ಕುದುರೆ ನಿಂತ ಕೂಡಲೇ ಬೆರಳು ಬಿಚ್ಚಬೇಕು. ಬಿಚ್ಚಲು ಮರೆತರೆ ತಾನು ನಿಂತದ್ದು ಸರಿಯೋ ತಪ್ಪೋ ಕುದುರೆಗೆ ತಿಳಿಯುವುದೇ ಇಲ್ಲ.