ಧಾತು ಸಂವತ್ಸರದ ಮಣ್ಣು

ಕಳೆದ ತಿಂಗಳು ಅತ್ತಿಗುಪ್ಪೆ ನಿಲ್ದಾಣದಲ್ಲಿ ಕೆಂಗೇರಿ ಕಡೆಯ ಮೆಟ್ರೋಗೆ ಕಾಯುತ್ತಿದ್ದಾಗ ನಡುವಯಸ್ಸಿನ ಗೃಹಸ್ಥರೊಬ್ಬರು ಬಂದು ನಮಸ್ಕರಿಸಿದರು. "ಸಾರ್, ಗುರುತು ಸಿಕ್ಕಿತೇ? ಕೆಂಗೇರಿಯಲ್ಲಿ ಬಾಂಡ್ಲಿ ಲೆಕ್ಕ ಹಾಕಿದ ತಂಡದವನು ನಾನು" ಎಂದರು. ನಿಜ ಹೇಳಬೇಕೆಂದರೆ ಮುಖ ಗುರುತಾಗಲಿಲ್ಲ. ಬಾಂಡ್ಲಿಗಳು ಮಾತ್ರ ಚೆನ್ನಾಗಿ ನೆನಪಾದವು. ಆ ಪ್ರಸಂಗವನ್ನು ಬರೆದಿಡಿ ಎಂದು ಆತನೇ ಒತ್ತಾಯಿಸಿದ್ದರಿಂದ ಈ ಲೇಖನ.

ಅದು 1996–97ನೆಯ ಸಾಲು. ವಿಜಯನಗರದ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ನಾನು ಮೈಸೂರು ಸಂಸ್ಥಾನದ ಇತಿಹಾಸವನ್ನು ಪಾಠ ಮಾಡುತ್ತಿದ್ದೆ. ದಿವಾನ್ ರಂಗಾಚಾರ್ಲು ಅವರ ಸಾಧನೆಗಳೆಂದರೆ ಅಂಕಿ ಹಾಕಿಸಿ ಬರೆಸುವುದು ನನ್ನ ಹಳೆಯ ರೂಢಿ: 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯ ಸ್ಥಾಪನೆ, 1882ರಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗ, ಇತ್ಯಾದಿ. ಅದಕ್ಕೂ ಹಿಂದಿನ ಭೀಕರ ಕ್ಷಾಮಕ್ಕೆ ನಾನು ಕೊಡುತ್ತಿದ್ದುದು ಒಂದೇ ವಾಕ್ಯ. ಹೀಗೆ ಎಷ್ಟು ತಂಡಗಳಿಗೆ ಬರೆಸಿದ್ದೇನೋ! ನಿಮ್ಮಲ್ಲಿ ಹಲವರ ಹಳೆಯ ನೋಟುಪುಸ್ತಕಗಳಲ್ಲಿ ಆ ಪಾಪ ಇನ್ನೂ ಉಳಿದಿರಬಹುದು.

ಆ ವರ್ಷ ಯುಗಾದಿಯಂದು ಪಂಚಾಂಗ ಬಿಡಿಸಿದಾಗ ಸಂವತ್ಸರದ ಹೆಸರು ಕಣ್ಣಿಗೆ ಬಿತ್ತು: ಧಾತು. ಅದರ ಮರುವರ್ಷ ಈಶ್ವರ. ನಾವು ಎಲೆಯಲ್ಲಿ ಅನ್ನ ಬಿಟ್ಟರೆ ನಮ್ಮಜ್ಜಿ, "ಧಾತು ಈಶ್ವರದ ಬರ ಕಂಡಿದ್ದರೆ ಹೀಗೆ ಚೆಲ್ಲುತ್ತಿರಲಿಲ್ಲ" ಎಂದು ಗದರುತ್ತಿದ್ದರು. ಅವರೂ ಅದನ್ನು ಕಂಡವರಲ್ಲ. ತಮ್ಮ ಅತ್ತೆಯ ಬಾಯಿಂದ ಕೇಳಿದವರು. ಅರವತ್ತು ವರ್ಷಗಳ ಚಕ್ರ ಎರಡು ಸುತ್ತು ಮುಗಿಸಿ 1876ರ ಧಾತು 1996ರಲ್ಲಿ ಮತ್ತೆ ಬಂದಿತ್ತು. ನಾನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದುದು ಅಜ್ಜಿಯ ಆ ಬರವನ್ನೇ ಎಂಬುದು ಅಂದು ಮನಸ್ಸಿಗೆ ನಾಟಿತು.

1876ರಲ್ಲಿ ಮಳೆ ಕೈಕೊಟ್ಟಾಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1864ರಿಂದಲೇ ಬೆಂಗಳೂರಿಗೆ ಮದ್ರಾಸಿನ ಕಡೆಯಿಂದ ರೈಲು ಬರುತ್ತಿದ್ದರೂ ಇಲ್ಲಿಂದ ಮೈಸೂರಿನ ಕಡೆಗೆ ಹಳಿ ಇರಲಿಲ್ಲ. ಧಾನ್ಯ ಬಂದು ಇಳಿದರೂ ಮುಂದಕ್ಕೆ ಎತ್ತಿನ ಗಾಡಿಯೇ ಗತಿ, ಎತ್ತುಗಳಿಗೋ ಮೇವಿಲ್ಲ. 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ಬೆಂಗಳೂರು–ಮೈಸೂರು ಮಾರ್ಗದ ಮಣ್ಣಿನ ಕೆಲಸ ಆರಂಭವಾದದ್ದು ಆ ಕಾಲದ ಕ್ಷಾಮ ಪರಿಹಾರ ಕಾಮಗಾರಿಯಾಗಿ. ರಂಗಾಚಾರ್ಲು ದಿವಾನರಾದದ್ದು 1881ರಲ್ಲಿ. ಮಾರ್ಗವನ್ನು ಪೂರ್ಣಗೊಳಿಸಿದ ಕೀರ್ತಿ ಅವರದೇ, ಅದರಲ್ಲಿ ಸಂಶಯವಿಲ್ಲ. ಆದರೆ ಮೊದಲ ಮಣ್ಣು ಹೊತ್ತವರು ನನ್ನ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ತರಗತಿಯಲ್ಲಿ 58 ಮಕ್ಕಳು. ಆ ಜನಗಣತಿಯ ಪ್ರಮಾಣದಲ್ಲಿ ಎಷ್ಟು ಮಂದಿ ಇಲ್ಲವಾಗುತ್ತಾರೆಂದು ಲೆಕ್ಕ ಹಾಕಿಸಿದೆ. ಹತ್ತು ಮಂದಿ ಎಂದು ಬಂತು. ಹತ್ತು ಮಂದಿಯನ್ನು ಎಬ್ಬಿಸಿ ಹೊರಗೆ ಕಳುಹಿಸಿ, ಖಾಲಿ ಜಾಗಗಳನ್ನು ನೋಡಿರೆಂದು ಗಂಭೀರವಾಗಿ ಹೇಳತೊಡಗಿದೆ. ಹೊರಗೆ ಹೋದವರು ಪಾಠ ತಪ್ಪಿದ ಸಂತೋಷದಲ್ಲಿ ಕಿಟಕಿಯಿಂದ ಇಣುಕಿ ಹಲ್ಲು ಕಿರಿಯುತ್ತಿದ್ದರು, ಒಳಗಿದ್ದವರು ನಗುತ್ತಿದ್ದರು. ನನ್ನ ನಾಟಕ ಅಲ್ಲಿಗೆ ಮುಗಿಯಿತು. ಸಂಕಟವನ್ನು ಅಭಿನಯಿಸಿ ತೋರಿಸುವುದು ಮೇಷ್ಟರಿಗೆ ಒಪ್ಪುವ ಕೆಲಸವಲ್ಲವೆಂದು ಅಂದಿನಿಂದ ಅಂದುಕೊಂಡಿದ್ದೇನೆ.

ಅನಂತರ ಒಂದು ಶನಿವಾರ ಮಧ್ಯಾಹ್ನ ಆಸಕ್ತಿಯಿದ್ದ ಇಪ್ಪತ್ತು ಮಂದಿಯನ್ನು ಪ್ಯಾಸೆಂಜರ್ ಗಾಡಿಯಲ್ಲಿ ಕೆಂಗೇರಿಗೆ ಕರೆದುಕೊಂಡು ಹೋದೆ. ಹಳಿಯ ಹತ್ತಿರ ಹೋಗಲು ನಿಲ್ದಾಣದವರು ಬಿಡಲಿಲ್ಲ, ಬಿಡದಿದ್ದುದೇ ಸರಿ. ಸ್ವಲ್ಪ ದೂರದಲ್ಲಿ, ಹಳಿ ಮಣ್ಣಿನ ಏರಿಯ ಮೇಲೆ ಸಾಗುವ ಕಡೆ, ಕೆಳಗಿನ ಬಯಲಿನಲ್ಲಿ ನಿಂತೆವು. ಮೀಟರ್ ಗೇಜಿನ ಆ ಮಾರ್ಗ ಮುಂದೆ ಎಷ್ಟೋ ದುರಸ್ತಿ ಕಂಡಿದೆ, ಈ ಮಣ್ಣೆಲ್ಲ ಅಂದಿನದೇ ಎಂದು ತಿಳಿಯಬಾರದೆಂದು ಮೊದಲೇ ಎಚ್ಚರಿಸಿದೆ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದ ಕೂಲಿಯನ್ನೂ ಹೇಳಿದೆ: ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೊಂದು ಆಣೆ. ಇಷ್ಟರಲ್ಲಿ ದುಡಿಯುವವನ ದೇಹ ನಿಲ್ಲದೆಂದು ಅಲ್ಲಿಯ ಆರೋಗ್ಯಾಧಿಕಾರಿ ಕಾರ್ನಿಷ್ ಆಕ್ಷೇಪಿಸಿದ್ದರು.

ಗುಂಪಿನಲ್ಲಿ ಪಾವಗಡದ ಕಡೆಯಿಂದ ಬಂದ ಹುಡುಗನೊಬ್ಬನಿದ್ದ. ನಾಗರಭಾವಿಯ ಬಳಿ ಕಟ್ಟಡದ ಷೆಡ್ಡಿನಲ್ಲಿ ವಾಸ. ತಂದೆತಾಯಿ ಇಬ್ಬರೂ ಮಣ್ಣು ಕೆಲಸದವರು. ಚರಿತ್ರೆಯಲ್ಲಿ ಅವನು ತೇರ್ಗಡೆಯಾದದ್ದೇ ಅಪರೂಪ. ಅಂದು ತಾನಾಗಿ ಬಾಯಿ ತೆರೆದ: "ಸಾರ್, ನಮ್ಮಪ್ಪ ಮೂರು ಮುದ್ದೆ ಉಂಡರೂ ಸಂಜೆ ಹೊತ್ತಿಗೆ ಕೈ ನಡುಗುತ್ತೆ." ಬಾಂಡ್ಲಿಗೆ ಎಷ್ಟು ಮಣ್ಣು ಹಿಡಿಯುತ್ತದೆ ಎಂದು ಕೇಳಿದೆ. ಅವನು ಕೈಯಲ್ಲಿ ಅಳತೆ ತೋರಿಸಿದ. ಹತ್ತು ಲೀಟರೆಂದು ಇಟ್ಟುಕೊಂಡೆವು. ಕಣ್ಣಳತೆಯಲ್ಲಿ ಏರಿಯ ಹತ್ತು ಮೀಟರು ಉದ್ದ, ಎರಡು ಮೀಟರು ಎತ್ತರ, ಸರಾಸರಿ ಆರು ಮೀಟರು ಅಗಲ. 120 ಘನಮೀಟರು, ಅಂದರೆ 12,000 ಬಾಂಡ್ಲಿ. ಮೈಸೂರಿಗೆ ಸುಮಾರು 138 ಕಿಲೋಮೀಟರು. ಎಲ್ಲ ಕಡೆಯೂ ಏರಿ ಇಲ್ಲದಿದ್ದರೂ ಮುಂದಿನ ಗುಣಾಕಾರ ಮಾಡಲು ಯಾರೂ ಮುಂದಾಗಲಿಲ್ಲ.

ಆ ಹುಡುಗ ಮತ್ತೆ ಕೇಳಿದ: "ಲೆಕ್ಕ ಯಾರು ಬರೀತಿದ್ದರು ಸಾರ್? ನಮ್ಮಪ್ಪಂದು ಮೇಸ್ತ್ರಿ ಬರೀತಾನೆ. ದಿನಾ ನಾಲ್ಕು ಕಮ್ಮಿ ಇರುತ್ತೆ." ಇಪ್ಪತ್ತೈದು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ದಾಖಲೆಗಳೆಲ್ಲ ಲೆಕ್ಕ ಬರೆದವರ ಕಡೆಯವು, ಮಣ್ಣು ಹೊತ್ತವರ ಕಡೆಯ ಪುಸ್ತಕ ನಾನು ನೋಡಿಲ್ಲ ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ಮೈಸೂರಿನ ಕಡೆಯ ಗಾಡಿ ಬಂತು. ಸಾಮಾನ್ಯವಾಗಿ ರೈಲಿಗೆ ಕೈಬೀಸುವ ಮಕ್ಕಳು ಅಂದು ಚಕ್ರಗಳ ಕೆಳಗಿನ ಏರಿಯನ್ನು ನೋಡುತ್ತ ನಿಂತಿದ್ದರು.

ವಾರ್ಷಿಕ ಪರೀಕ್ಷೆಯಲ್ಲಿ ಕ್ಷಾಮದ ಪ್ರಶ್ನೆ ಬರಲಿಲ್ಲ. ರಂಗಾಚಾರ್ಲು ಅವರ ಸಾಧನೆಗಳೇ ಬಂದವು, ನಾಲ್ಕು ಅಂಕಕ್ಕೆ. ಪಾವಗಡದ ಹುಡುಗ ಪ್ರಜಾಪ್ರತಿನಿಧಿ ಸಭೆಯನ್ನು ಮರೆತು, ಒಂದು ಪುಟ ತುಂಬ ಬಾಂಡ್ಲಿಯ ಲೆಕ್ಕವನ್ನೇ ಬರೆದಿದ್ದ. ಉತ್ತರಸೂಚಿಯಂತೆ ಅದಕ್ಕೆ ಒಂದು ಅಂಕ ಸಲ್ಲುತ್ತಿತ್ತು. ಎರಡು ಸಲ ಓದಿ ಮೂರು ಕೊಟ್ಟೆ. ಉಳಿದ ಒಂದನ್ನು ಏಕೆ ಹಿಡಿದಿಟ್ಟುಕೊಂಡೆನೋ, ಇಂದಿಗೂ ಅರ್ಥವಾಗುತ್ತಿಲ್ಲ.